ಎರಡು ಕೆಂಡ, ಒಂದು ಉಂಗುರ

ಅಣುವಿಗೂ ಅಣುವಾಗಿ ಒಳಗಿದ್ದು ಕಾಯುವ ಸ್ವಾಮಿಗೆ ಮೊದಲು ಕೈಮುಗಿಯುತ್ತೇನೆ.

ಬಹಳ ಹಿಂದೆ, ಒಂದು ಹನಿ ನೀರಿನೊಳಗೆ ಬಿಂದುಪುರವೆಂಬ ರಾಜ್ಯವಿತ್ತು. ನಮ್ಮ ಕಣ್ಣಿಗೆ ಕಾಣದಷ್ಟು ಚಿಕ್ಕದು. ಆ ಸ್ವಾಮಿಯ ಕಣ್ಣಿಗೆ ಕಂಡಿತ್ತು. ಅದಕ್ಕೆ ಎಣ್ಣೆಯ ಕೋಟೆ. ಅಂಬಿಗರು ಬಾಲದಂಥ ಹುಟ್ಟುಗಳನ್ನು ತಿರುಗಿಸುತ್ತಿದ್ದರೆ ಊರಿಗೆ ಊರೇ ಈಜುತ್ತಿತ್ತು.

ಕೋಟೆಗೋಡೆಯಲ್ಲಿ ನಾಗಲೆ, ಬಾಚಲೆ ಎಂಬ ಅವಳಿ ಅಕ್ಕತಂಗಿಯರು ನಿಂತಿದ್ದರು. ತಲೆ ಹೊರಗೆ, ಸೊಂಟ ಗೋಡೆಯೊಳಗೆ, ಕೈ ಊರೊಳಗೆ. ಒಬ್ಬೊಬ್ಬಳ ಅಂಗೈಯಲ್ಲೂ ಒಂದೊಂದು ಕೆಂಡ. ಹೊರಗಿನ ನೀರಿನ ರುಚಿ ಕೆಟ್ಟರೆ ಇಬ್ಬರೂ ಎದುರುಬದುರಾಗಿ ತಿರುಗಿ ಅಂಗೈಗೆ ಅಂಗೈ ಕೂಡಿಸಬೇಕು. ಆಗ ಎರಡು ಕೆಂಡವೂ ಬೆಸೆದು ಒಂದು ಉಂಗುರವಾಗುತ್ತಿತ್ತು. ಉಂಗುರ ಕಂಡೊಡನೆ ಅಂಬಿಗರು ಹುಟ್ಟು ನಿಲ್ಲಿಸಬೇಕು, ಗೌಂಡಿಗಳು ಅಂಟಿನ ಗೋಡೆ ಎಬ್ಬಿಸಬೇಕು. ಇದು ದೇವರಿಟ್ಟ ಕಟ್ಟಳೆ.

ಕಾರ್ಕೋಳನೆಂಬ ಮಾಂತ್ರಿಕನ ಕಣ್ಣು ಆ ರಾಜ್ಯದ ಮೇಲೆ ಬಿತ್ತು. ಅವನ ಉಸಿರೇ ವಿಷ. ಮೊದಲು ನಾಗಲೆಯ ಕಿವಿಯಲ್ಲಿ, ಆಮೇಲೆ ಬಾಚಲೆಯ ಕಿವಿಯಲ್ಲಿ ಒಂದೇ ಮಾತು ಉಸುರಿದ: "ನಿನಗೆ ಜೊತೆ ಯಾಕೆ ತಾಯಿ? ನೀನೊಬ್ಬಳೇ ಸಾಕು." ಇಬ್ಬರೂ ಬೆನ್ನು ತಿರುಗಿಸಿಕೊಂಡರು. ಅವನು ವಿಷ ಊದಿದ.

"ನಾನೇ ಮಾಡ್ತೀನಿ" ಅಂತ ನಾಗಲೆ ತನ್ನೊಂದೇ ಕೆಂಡವನ್ನು ಉಂಗುರ ಮಾಡಲು ಬಾಗಿಸಿದಳು. ಚುಂಯ್ ಎಂದು ಆರಿತು. ವಿಷ ಕೋಟೆಯ ಹೊರಮೈ ತಿಂದಿತು.

"ನಿನ್ನ ಕೈಲಿ ಅದೆಲ್ಲಿ ಆಗುತ್ತಕ್ಕಾ!" ಎಂದು ಬಾಚಲೆ ನಕ್ಕು ತನ್ನದನ್ನು ಬಾಗಿಸಿದಳು. ಅದೂ ಆರಿತು. ವಿಷ ಒಳಮೈಗೂ ಇಳಿಯಿತು. ಊರೊಳಗೆ ಮಕ್ಕಳು ಕೆಮ್ಮತೊಡಗಿದರು.

ಅಂಬಿಗರ ಹಿರಿಯ ಬೊಮ್ಮಯ್ಯ ಓಡಿಬಂದು ಇಬ್ಬರ ಅಂಗೈಗೂ ಹೊಸ ಕೆಂಡವಿಟ್ಟ. "ಕೆಂಡ ಬೇಕಾದಷ್ಟಿದೆ ತಾಯಂದಿರಾ, ಹೊತ್ತೇ ಇಲ್ಲ. ಯಾರು ದೊಡ್ಡವರು ಅನ್ನೋದನ್ನ ಬದುಕುಳಿದ ಮೇಲೆ ತೀರ್ಮಾನ ಮಾಡ್ಕೊಳ್ಳಿ. ಈಗ ಒಂಚೂರು ಮುಖ ಈಚೆ ತಿರುಗಿಸ್ರವ್ವಾ!"

"ಬಾಚೀ..." ಎಂದಳು ನಾಗಲೆ.

"ಹೂಂ, ಅಕ್ಕ."

ತಿರುಗಿದರು. ಅಂಗೈ ಕೂಡಿತು. ಉಂಗುರವಾಯಿತು! ಊರ ಒಲೆಗಳ ಕೆಂಡ ತೆಗೆದುಕೊಂಡು ಅದರ ಹಿಂದೆಯೇ ಇನ್ನೊಂದು, ಮತ್ತೊಂದು ಮಾಡಿದರು. ಹುಟ್ಟುಗಳು ನಿಂತವು. ಊರು ಒಂದು ಕಲ್ಲಿಗೆ ಕಚ್ಚಿಕೊಂಡಿತು. ಗೌಂಡಿಗಳು ಸುರಿದ ಅಂಟಿನ ಮೇಲೆ ವಿಷವೆಲ್ಲ ಜಾರಿಹೋಯಿತು. ಊದಿ ಊದಿ ಉಸಿರು ಮುಗಿದ ಕಾರ್ಕೋಳ ನೀರಿನ ಗುಳ್ಳೆಯಂತೆ ಒಡೆದುಹೋದ.

ಆದರೆ ಹೆದರಿದ ಅಕ್ಕತಂಗಿಯರು ಉಂಗುರ ಮಾಡುವುದನ್ನು ಬಿಡಲೇ ಇಲ್ಲ. ಬೊಮ್ಮಯ್ಯ ಕೂಗಿಕೊಂಡ: "ಒಲೆಗೂ ನಾಲ್ಕು ಕೆಂಡ ಉಳಿಸ್ರವ್ವಾ!" ಆಗ ಊರು ತುಂಬಿ ಮಿಕ್ಕ ಉಂಗುರಗಳು ತಾವಾಗಿಯೇ ಹಿಂದಿರುಗಿ ಬಂದು ಅವರ ಮೊಣಕೈಗೆ ಏರಿ ಕೂತವು. ಆ ಹಿಡಿತಕ್ಕೆ, ಕೂಡಿದ್ದ ಕೈಗಳು ಮೆಲ್ಲನೆ ಬಿಟ್ಟುಕೊಂಡವು.

"ಉಂಗುರ ಸಾಕು ಅಂದವರು ಯಾರಕ್ಕಾ?"

"ಕೂಡು ಅಂತ ಕಟ್ಟಳೆಯಿಟ್ಟ ದೇವರೇ ಕಣೇ."

ಇಬ್ಬರೂ ನಿಟ್ಟುಸಿರು ಬಿಟ್ಟು, ಅಳುತ್ತಲೇ ನಕ್ಕರು. ಕೆಮ್ಮು ನಿಂತ ಮಕ್ಕಳು ನಿದ್ದೆಹೋದರು. ಬಿಂದುಪುರ ಸುಖವಾಗಿತ್ತು.

ಕೇಳಿದ ನಿಮಗೂ ಕಷ್ಟದ ಹೊತ್ತಿಗೆ ಒಂದು ಜೊತೆಗೈ ಸಿಗಲಿ, ಮನೆ ಮನೆಯೂ ತಣ್ಣಗಿರಲಿ.