ನೀಲಿ ಟೀ ಮತ್ತು ಒಂದು ‘ಪರವಾಗಿಲ್ಲ’

"ಅಯ್ಯೋ! ನಿಲ್ಲಿಸಿ! ಸುರೀಬೇಡಿ ಅದನ್ನ!"

ಕೈಚೀಲವನ್ನು ಬಾಗಿಲಲ್ಲೇ ಬಿಸಾಕಿ ಅವಳು ಅಡುಗೆಮನೆಗೆ ಓಡಿದಳು.

ಸಿಂಕಿನ ಮುಂದೆ ಒಬ್ಬ ಅಪರಿಚಿತ. ಜೇಬಿನಲ್ಲಿ ಸ್ಕ್ರೂಡ್ರೈವರ್, ಕೈಯಲ್ಲಿ ಅವಳ ಗಾಜಿನ ಜಾಡಿ. ಅದರೊಳಗಿದ್ದ ಕಡುನೀಲಿ ಅರ್ಧಕ್ಕರ್ಧ ಸಿಂಕಿನ ಪಾಲಾಗಿತ್ತು.

"ಇದು... ಬಿಳಿ ಬಟ್ಟೆಗೆ ಹಾಕೋ ನೀಲಿ ಅಲ್ವಾ? ಫ್ರಿಜ್ ಖಾಲಿ ಮಾಡ್ತಿದ್ದೆ, ಯಾರೋ ಮರೆತು ಇಟ್ಟಿದ್ದಾರೆ ಅಂದ್ಕೊಂಡೆ..."

"ನೀಲಿನಾ? ಅದು ಟೀ ಕಣ್ರೀ!"

ಹಜಾರದಿಂದ ಅಮ್ಮನ ನಗು ಕೇಳಿಸಿತು. "ನಾನು ಅವತ್ತೇ ಹೇಳಿದ್ದೆ, ಯಾರಾದ್ರೂ ಅದರಲ್ಲಿ ಪಂಚೆ ಅದ್ದಿ ಒಣಗಿಸ್ತಾರೆ ಅಂತ! ಫ್ರಿಜ್ ತಣ್ಣಗಾಗ್ತಿಲ್ಲ ಅಂತ ನಾನೇ ಮೆಕ್ಯಾನಿಕ್‌ನ ಕರೆಸಿದೆ ಕಣೇ!"

ಅವಳು ಜಾಡಿ ಕಿತ್ತುಕೊಂಡಳು. ಉಳಿದದ್ದನ್ನು ಒಂದು ಲೋಟಕ್ಕೆ ಬಗ್ಗಿಸಿ, ಅನಾನಸ್ ರಸ ಬೆರೆಸಿ, ಅರ್ಧ ನಿಂಬೆಹಣ್ಣು ಹಿಂಡಿದಳು.

ಲೋಟದಲ್ಲಿದ್ದ ನೀಲಿ ಅವನ ಕಣ್ಣೆದುರೇ ನೇರಳೆಯಾಯಿತು! ಮೆಕ್ಯಾನಿಕ್ ಒಂದು ಹೆಜ್ಜೆ ಹಿಂದೆ ಸರಿದ.

"ಶಂಖಪುಷ್ಪ. ಕುಡೀರಿ. ಚೆಲ್ಲೋಕೆ ಮುಂಚೆ ಏನು ಚೆಲ್ತಿದೀನಿ ಅಂತ ಗೊತ್ತಿರಬೇಕಲ್ವಾ?"

ಅವನು ಕುಡಿದ. ನಿಧಾನವಾಗಿ, ಕಣ್ಣು ಮುಚ್ಚಿ, ಕೊನೆಯ ಹನಿವರೆಗೂ. ಲೋಟ ಕೆಳಗಿಟ್ಟು ಹೇಳಿದ:

"ಪರವಾಗಿಲ್ಲ."

ಪರವಾಗಿಲ್ಲ?! ಬಸ್ಸಿನಲ್ಲಿ ಕಾಲು ತುಳಿದವರಿಗೆ ಹೇಳೋ ಮಾತು ನನ್ನ ಟೀಗೆ!

ಅವಳ ಕಿವಿ ಬಿಸಿಯಾಯಿತು.

*

ಅವಳು ಈಜುಕೊಳದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಮಕ್ಕಳ ಬಾಯಲ್ಲಿ ‘ಟಿಕೆಟ್ ಅಕ್ಕ’. ದೊಡ್ಡವರಿಗೆ ಕಿಟಕಿಯ ಕಂಡಿಯಿಂದ ಚೀಟಿ ಚಾಚುವ ಬೆರಳುಗಳಷ್ಟೇ ಪರಿಚಯ. ಆ ಕಂಡಿಯಿಂದ ಒಂದು ಸಲವಾದರೂ ತನ್ನದು ಅಂತ ಏನಾದರೂ ಆಚೆ ಹೋಗಬೇಕು... ಅಷ್ಟೇ ಅವಳ ಆಸೆ.

ಬೇಸಿಗೆಗೆಂದು ಕೊಳ ತೆರೆಯುವುದು ಬರುವ ಭಾನುವಾರ. "ರುಚಿ ಹಿಡಿಸಿದ್ರೆ ನಿನ್ನ ಜಾಡೀನ ನನ್ನ ಕ್ಯಾಂಟೀನಲ್ಲಿ ಇಡ್ತೀನಿ" ಎಂದು ಕೊಳದ ಕ್ಯಾಂಟೀನ್ ಆಂಟಿ ಮಾತು ಕೊಟ್ಟಿದ್ದಳು.

ಫ್ರಿಜ್ ಮಾತ್ರ ಒಂದೇ ಸಲಕ್ಕೆ ಬಗ್ಗಲಿಲ್ಲ. ಮೊದಲು ಗ್ಯಾಸ್, ಆಮೇಲೆ ಬಾಗಿಲಿನ ರಬ್ಬರ್. ಮೆಕ್ಯಾನಿಕ್ ಬರುತ್ತಲೇ ಇದ್ದ. ಅವಳೂ ಹಟಕ್ಕೆ ಬಿದ್ದವಳಂತೆ ಮಾಡುತ್ತಲೇ ಇದ್ದಳು.

ದಾಸವಾಳದ ಜೊತೆ ಕಲ್ಲಂಗಡಿ.

"ಪರವಾಗಿಲ್ಲ."

ನಿಂಬೆಹುಲ್ಲು, ಪುದೀನ, ಮಾವಿನಹಣ್ಣು.

ಅವನು ತಳದಲ್ಲಿದ್ದ ಐಸನ್ನೂ ಕಟಕಟ ಅಗಿದು ತಿಂದ. "ಪರವಾಗಿಲ್ಲ."

"ನಿಮಗೆ ಬೇರೆ ಮಾತೇ ಬರಲ್ವಾ?"

"ಬರುತ್ತೆ. ಇದಕ್ಕೆ ಬೇಡ."

ಅವನು ಹೋದ ಮೇಲೆ ಅಮ್ಮ ಕೆಣಕಿದಳು. "ಫ್ರಿಜ್ ಸರಿಹೋಗೋ ಲಕ್ಷಣ ಇಲ್ಲ. ನಿನ್ನ ತಲೇನೂ ಸರಿ ಇರೋ ಹಾಗೆ ಕಾಣಲ್ಲ."

"ಅಮ್ಮಾ!"

ಆದರೂ ಅವನ ಗಾಡಿಯ ಸದ್ದು ಕೇಳಿದರೆ ಕೈ ತಾನಾಗಿ ಕೂದಲು ಸರಿಮಾಡುತ್ತಿತ್ತು. ಅವಳಿಗೆ ತನ್ನ ಕೈಯ ಮೇಲೇ ಸಿಟ್ಟು!

ಒಂದು ಸಂಜೆ ಅವಳಿಗೆ ಹೊಳೆಯಿತು. ಐಸ್ ಕರಗಿದಾಗಲೇ ಅಲ್ಲವೇ ಟೀ ನೀರಾಗುವುದು? ನೀರನ್ನು ಯಾಕೆ ಐಸ್ ಮಾಡಬೇಕು? ಟೀಯನ್ನೇ ಮಾಡಿದರೆ? ಶಂಖಪುಷ್ಪದ ಕಷಾಯವನ್ನು ಆರಿಸಿ, ಸೋಸಿ, ಅಚ್ಚಿಗೆ ಸುರಿದು, ಅಂತೂ ಸರಿಹೋಗಿದ್ದ ಫ್ರಿಜ್‌ನಲ್ಲಿಟ್ಟಳು. ಬೆಳಿಗ್ಗೆ ಲೋಟದ ತುಂಬ ನೀಲಿ ಗಟ್ಟಿಗಳು! ನಿಂಬೆ ಬೆರೆತ ಅನಾನಸ್ ರಸ ಸುರಿದಳು. ಕರಗಿದಷ್ಟೂ ಬಣ್ಣ ಏರಿತು, ಕರಗಿದಷ್ಟೂ ರುಚಿ ಉಳಿಯಿತು.

ಅವಳು ಒಬ್ಬಳೇ ನಿಂತು ಕುಡಿದಳು. ಯಾರ ಮಾತೂ ಬೇಕೆನಿಸಲಿಲ್ಲ.

ಇದು ನಂದು. ನಾನೇ ಕಂಡುಹಿಡಿದದ್ದು!

*

ಶನಿವಾರ ಕ್ಯಾಂಟೀನ್ ಬಾಗಿಲಲ್ಲಿ ಅವಳ ಕಾಲು ನಿಂತಿತು. ಒಳಗೆ ಮೆಕ್ಯಾನಿಕ್ ಆಂಟಿಯ ಫ್ರೀಜರ್ ಬಿಚ್ಚಿಕೊಂಡು ಕೂತಿದ್ದ.

"ಟಿಕೆಟ್ ಹುಡುಗಿ ಮನೆಗೆ ಹೋಗ್ತಿರ್ತೀಯಲ್ಲಪ್ಪ," ಆಂಟಿ ಕೇಳುತ್ತಿದ್ದಳು, "ಅವಳು ಮಾಡೋ ಟೀ ಹೇಗಿರುತ್ತೆ?"

ಅವಳು ಕಿವಿಗೊಟ್ಟಳು. ಇವತ್ತಾದರೂ... ಒಂದೇ ಒಂದು ಸಲ...

"ಪರವಾಗಿಲ್ಲ," ಎಂದ ಅವನು.

"ಬರೀ ಪರವಾಗಿಲ್ಲ ಅನ್ನೋದನ್ನ ನಾನ್ಯಾಕೆ ಜಾಗ ಕೊಟ್ಟು ಇಡಲಿ? ಬೇಡ ಬಿಡು."

ಅವನು ತಲೆ ಎತ್ತಿದಾಗ ಬಾಗಿಲಲ್ಲಿ ಅವಳು. ಕಣ್ಣು ತುಂಬಿತ್ತು, ತಲೆ ಮಾತ್ರ ನೆಟ್ಟಗಿತ್ತು.

"ಸ್ವಲ್ಪ ಕೇಳಿ, ನಾನು ಹೇಳಿದ್ದು..."

"ಕೇಳಿಸ್ತು. ನಮ್ಮ ಫ್ರಿಜ್ ಸರಿಯಾಗಿದೆ. ಇನ್ಮೇಲೆ ಬರೋದು ಬೇಡ."

*

ಭಾನುವಾರ.

ಯಾರೂ ಜಾಗ ಕೊಡದಿದ್ದರೇನು? ಕಿಟಕಿ ನನ್ನದೇ ತಾನೇ?

ಮ್ಯಾನೇಜರನ್ನು ಕೇಳಿ, ಕಿಟಕಿಯ ಪಕ್ಕ ಒಂದು ಸ್ಟೂಲು ಹಾಕಿ, ಅದರ ಮೇಲೆ ಜಾಡಿ ಇಟ್ಟಳು. ಪಕ್ಕದಲ್ಲಿ ಅಮ್ಮ, ಸೊಂಟಕ್ಕೆ ಸೆರಗು ಸಿಕ್ಕಿಸಿ.

"ಬನ್ನಿ ಬನ್ನಿ! ಬಟ್ಟೆ ಅದ್ದೋ ನೀಲಿ ಅಲ್ಲ, ಕುಡಿಯೋ ನೀಲಿ!"

"ಅಮ್ಮಾ, ಮಾನ ಕಳೀಬೇಡ!"

ಒದ್ದೆ ತಲೆಯ ಮಕ್ಕಳು ಮುತ್ತಿಕೊಂಡರು. ಬಣ್ಣ ತಿರುಗಿದಾಗಲೆಲ್ಲ "ಹೋ!" ಎಂದು ಕೂಗು. "ಟಿಕೆಟ್ ಅಕ್ಕಾ, ಇದನ್ನ ನೀವೇ ಮಾಡಿದ್ದಾ?"

"ನಾನೇ!"

ಎಷ್ಟು ಸಲ ಹೇಳಿದರೂ ಆ ಮಾತು ಅವಳಿಗೆ ಹಳೆಯದಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನ್ ಆಂಟಿಯೇ ಬಂದಳು. ಒಂದು ಲೋಟ ಕುಡಿದಳು. ಇನ್ನೊಂದು ಲೋಟಕ್ಕೆ ಕೈ ಚಾಚಿದಳು.

"ನಾಳೆಯಿಂದ ಒಳಗೆ ತಂದಿಡಮ್ಮ."

"ಇಲ್ಲ ಆಂಟಿ. ಇದು ನನ್ನ ಕಿಟಕಿ ಪಕ್ಕದಲ್ಲೇ ಇರುತ್ತೆ. ನಿಮ್ಮ ಫ್ರೀಜರಲ್ಲಿ ನನ್ನ ಐಸ್ ಅಚ್ಚಿಗೆ ಒಂದು ಮೂಲೆ ಕೊಡಿ, ಸಾಕು."

"ಅಬ್ಬಾ, ಏನು ಗತ್ತು!" ಆಂಟಿ ನಕ್ಕಳು. "ಆಯ್ತು, ಕೊಟ್ಟೆ."

ಗೆದ್ದಿದ್ದಳು. ಆದರೂ ಕಣ್ಣು ಗೇಟಿನ ಕಡೆ ಯಾಕೆ ಹೋಗುತ್ತದೆ?

"ಒಂದು ಟಿಕೆಟ್."

ಆ ದನಿ! ಕಂಡಿಯಾಚೆ ಮೆಕ್ಯಾನಿಕ್ ನಿಂತಿದ್ದ.

"ಈಜು ಬರುತ್ತಾ?"

"ಇಲ್ಲ."

"ಮತ್ತೆ ಟಿಕೆಟ್ ಯಾಕೆ?"

"ಮನೆಗೆ ಬರಬೇಡ ಅಂದ್ರಿ. ಈ ಕಿಟಕಿ ಮುಂದೆ ನಿಲ್ಲೋಕೆ ಬೇರೆ ದಾರಿ ಹೊಳೀಲಿಲ್ಲ."

ಸಾಲಿನಲ್ಲಿದ್ದ ದಪ್ಪ ಮೀಸೆಯವರು ಗೊಣಗಿದರು. "ಬೇಗ ಆಗ್ಲಪ್ಪಾ, ಬಿಸಿಲು!"

"ಒಂದೇ ನಿಮಿಷ ಸಾರ್!" ಎಂದ ಅವನು ಕಂಡಿಗೆ ಬಗ್ಗಿದ. "ನಮ್ಮ ವರ್ಕ್‌ಶಾಪಲ್ಲಿ ಹಳೇ ಫ್ರಿಜ್‌ಗಳನ್ನ ಸರಿಮಾಡಿ ಮಾರ್ತೀವಿ. ಮಾರೋದಕ್ಕೆಲ್ಲ ‘ಚೆನ್ನಾಗಿದೆ, ಸೂಪರಾಗಿದೆ’ ಅಂತೀವಿ. ಆದ್ರೆ ನಾವೇ ಮನೆಗೆ ಇಟ್ಕೋಬೇಕು ಅಂತ ಆಸೆಪಟ್ಟ ಫ್ರಿಜ್ ಇದ್ರೆ, ಅದರ ಮುಂದೆ ಯಾರೂ ಚೆನ್ನಾಗಿದೆ ಅನ್ನಲ್ಲ. ಹಾಗೆ ಹೊಗಳಿದ್ರೆ ಅದು ಕೊಬ್ಬಿ ಮಾರನೇ ದಿನವೇ ಕೈಕೊಡುತ್ತೆ ಅಂತ ನಮ್ಮ ಮೇಸ್ತ್ರಿ ನಂಬಿಕೆ. ಅದಕ್ಕೆ..."

"ಅದಕ್ಕೆ?"

"‘ಪರವಾಗಿಲ್ಲ’ ಅಂತೀವಿ. ಬಾಯಿಗೆ ಅಂಟಿಬಿಟ್ಟಿದೆ. ನಿನ್ನೆ ಆಂಟಿಗೆ ಬಿಡಿಸಿ ಹೇಳಬೇಕಿತ್ತು, ತಪ್ಪು ನಂದೇ. ಆದ್ರೆ ನಿಮ್ಮ ಟೀ ಕುಡಿದಾಗೆಲ್ಲ ನಂಗೆ ಬೇರೆ ಮಾತು ಆಡೋಕೆ ಭಯ ಆಗ್ತಿತ್ತು. ಎಲ್ಲಿ... ಕೈತಪ್ಪಿ ಹೋಗುತ್ತೋ ಅಂತ."

ಅವಳಿಗೆ ಎಲ್ಲ ‘ಪರವಾಗಿಲ್ಲ’ಗಳೂ ಒಟ್ಟಿಗೆ ನೆನಪಾದವು. ಕಣ್ಣು ಮುಚ್ಚಿ ಕುಡಿದದ್ದು, ಐಸನ್ನೂ ಬಿಡದೆ ಅಗಿದದ್ದು... ‘ಇದಕ್ಕೆ ಬೇಡ’ ಎಂದದ್ದು.

ಎದೆಯೊಳಗೆ ಏನೋ ನಿಧಾನವಾಗಿ ಬಣ್ಣ ತಿರುಗಿತು.

"ಹಾಗಾದ್ರೆ," ಅವಳು ಚೀಟಿ ಹರಿಯುತ್ತಾ, ಮುಖ ಎತ್ತದೆ ಕೇಳಿದಳು, "ನಾನು ಹೇಗಿದೀನಿ?"

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಅಮ್ಮನ ಸೌಟು ಜಾಡಿಯಲ್ಲೇ ನಿಂತಿತು.

ಅವನು ಕೆಂಪಾದ. ಗಂಟಲು ಸರಿಮಾಡಿಕೊಂಡ.

"ಪ... ಪರವಾಗಿಲ್ಲ."

ಅವಳು ನೀಲಿ ಐಸ್ ತುಂಬಿದ ಲೋಟವನ್ನು ಟಿಕೆಟಿನ ಜೊತೆ ಕಂಡಿಯಿಂದ ಆಚೆ ಸರಿಸಿದಳು. ಅವನ ಬೆರಳು ತಾಕಿದಾಗ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ನೀವೂ ಅಷ್ಟೇ," ಎಂದಳು. "ಪರವಾಗಿಲ್ಲ."