ಐದನೆಯ ತಂತಿಯ ಸುಳ್ಳು

"ಇದನ್ನ ಕೂರಿಸಿಕೊಡ್ತೀರಾ?"

ಅವನು ವಾದ್ಯ ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟದ್ದನ್ನು ಕಂಡ ಕೂಡಲೇ ಅವಳ ಮುಖ ಗಂಟಿಕ್ಕಿತು. ಬೆರಳಗಲದ ಕಪ್ಪು ಪಟ್ಟಿ, ಅದರಿಂದ ಹೊರಟ ವೈರು, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಗಿಟಾರ್ ಸಿಂಥಸೈಜರ್! ಗಿಟಾರಿನ ತಂತಿ ಮೀಟಿದರೆ ಕೊಳಲು ಬೇಕೆಂದಾಗ ಕೊಳಲಾಗಿ, ಪಿಟೀಲು ಬೇಕೆಂದಾಗ ಪಿಟೀಲಾಗಿ ನುಡಿಯುವ ಯಂತ್ರ.

"ಎಲ್ಲಿ ನುಡಿಸ್ತೀರಿ?" ಅವಳು ಕೇಳಿದಳು. ಉತ್ತರ ಗೊತ್ತಿದ್ದೂ ಕೇಳಿದಳು.

"ನಾಟಕ ಕಂಪನಿಯಲ್ಲಿ. ಇಷ್ಟು ದಿನ ಈ ಪಟ್ಟಿಯನ್ನ ಗಿಟಾರಿಗೆ ಟೇಪಿನಲ್ಲಿ ಅಂಟಿಸಿ ಹೇಗೋ ನಡೆಸಿದೆ. ಹೊಸ ನಾಟಕದ ಮೂರನೇ ಅಂಕದಲ್ಲಿ ಚೆಲ್ಲೊ ಒಂದೇ ನುಡೀಬೇಕು. ಸ್ವಲ್ಪ ತಪ್ಪಿದ್ರೂ ಎದ್ದು ಕಾಣತ್ತೆ."

ಚೆಲ್ಲೊ...

ಮಂಡಿಗಳ ನಡುವೆ ಇಟ್ಟುಕೊಂಡು ನುಡಿಸುವ ಆ ದೊಡ್ಡ ಪಿಟೀಲಿನ ದನಿಯಲ್ಲೇ ಅವಳು ಬೆಳೆದವಳು. ಅದೇ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಚೆಲ್ಲೊ ನುಡಿಸಿದವರು ಅವಳ ಅಪ್ಪ. ಎರಡು ವರ್ಷದ ಹಿಂದೆ ಈ ಯಂತ್ರ ಬಂತು. ಆರು ಜನ ವಾದ್ಯದವರಲ್ಲಿ ಐವರು ಮನೆ ಸೇರಿದರು, ಗಿಟಾರಿನವನೊಬ್ಬ ಉಳಿದುಕೊಂಡ. ಅಂದಿನಿಂದ ಅವಳು ಆ ರಂಗಮಂದಿರದ ಕಡೆ ತಲೆ ಹಾಕಿರಲಿಲ್ಲ.

ಉಳಿದುಕೊಂಡ ಮಹಾಶಯ ಇವನೇ ಅನ್ನಿ!

ಅಂಗಡಿಯ ಹಿಂದಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಅವನು ಪರದೆಯ ಕಡೆ ನೋಡಿದ.

"ಯಾರಿಗೋ ಹುಷಾರಿಲ್ವಾ?"

"ಅಪ್ಪನಿಗೆ. ಶ್ವಾಸಕೋಶ ಕೆಟ್ಟಿದೆ. ಹೆಚ್ಚು ದಿನ ಇಲ್ಲ ಅಂದಿದ್ದಾರೆ," ಎಂದಳು, ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುತ್ತಾ. "ಗಿಟಾರ್ ಬಿಟ್ಟು ಹೋಗಿ."

ಬಾಗಿಲು ತೋರಿಸಿ ಕಳಿಸಬಹುದಿತ್ತು. ಆದರೆ ವಾದ್ಯ ರಿಪೇರಿಯವಳಿಗೆ ಕೈಗೆ ಬಂದ ಗಿಟಾರನ್ನು ತಿರಸ್ಕರಿಸುವುದು ಅಷ್ಟು ಸುಲಭವಲ್ಲ. ಮೇಲಾಗಿ ಅವನ ಕಣ್ಣು... ಹೋಗಲಿ, ಕಣ್ಣಿನ ಮಾತು ಬೇಡ.

ಕೆಲಸ ನಾಜೂಕಿನದು. ಆ ಕಪ್ಪು ಪಟ್ಟಿ ಆರು ತಂತಿಗಳ ದನಿಯನ್ನೂ ಬೇರೆ ಬೇರೆಯಾಗಿ ಆಲಿಸುತ್ತದೆ. ತಂತಿಗೂ ಅದಕ್ಕೂ ನಡುವೆ ಒಂದು ಮಿಲಿಮೀಟರ್ ಅಂತರ ಸಾಕು. ಯಾವ ತಂತಿಯನ್ನು ಎಷ್ಟು ಮೆಲ್ಲಗೆ ಮೀಟಿದರೆ ಕೇಳಿಸಬೇಕು ಎಂಬುದನ್ನು ಪೆಟ್ಟಿಗೆಯಲ್ಲಿ ಒಂದೊಂದಾಗಿ ಹೊಂದಿಸಬೇಕು. ತೀರಾ ಸೂಕ್ಷ್ಮವಾದರೆ ಬೆರಳು ಎತ್ತಿದ ಸದ್ದನ್ನೂ ಅದು ಸ್ವರವೆಂದೇ ತಿಳಿದು ಕಿರುಚುತ್ತದೆ.

ಅವನು ದಿನಾ ಸಂಜೆ ಬಂದು ನುಡಿಸಿ ನೋಡುತ್ತಿದ್ದ. ಅವಳು ತಿದ್ದುತ್ತಿದ್ದಳು.

"ಗಿಟಾರಿನ ಚಾಳಿ ಬಿಡಿ. ಎಲ್ಲಾ ತಂತಿ ಒಟ್ಟಿಗೆ ಬಾರಿಸಬೇಡಿ. ಬೇಡದ ತಂತಿ ಮೇಲೆ ಅಂಗೈ ಒರಗಿರಲಿ."

"ಹೀಗಾ?"

"ಹೂಂ. ಇನ್ನೂ ಮೆಲ್ಲಗೆ. ಅದಕ್ಕೆ ಹೊಡೆತ ಬೇಡ, ಸ್ಪಷ್ಟವಾಗಿ ಹೇಳಿದರೆ ಸಾಕು."

"ಮನುಷ್ಯರ ಹಾಗೆ," ಎಂದ ಅವನು.

ಅವಳು ನಗಲಿಲ್ಲ. ಅವನು ಹೋದ ಮೇಲೆ ನಕ್ಕಳು. ಐದನೆಯ ಸಂಜೆ ಅವನು ಬರುವುದು ಹತ್ತು ನಿಮಿಷ ತಡವಾದಾಗ ನಾಲ್ಕು ಸಲ ಬಾಗಿಲು ನೋಡಿದಳು. 'ಥೂ, ನಿನಗೇನು ಬಂದಿದೆ?' ಎಂದು ತನ್ನನ್ನೇ ಬೈದುಕೊಂಡಳು. ಅಪ್ಪನ ಜಾಗದಲ್ಲಿ ಕೂತವನಿಗಾಗಿ ಕಾಯುವುದೆಂದರೆ ಅವಳಿಗೆ ಅಪ್ಪನಿಗೆ ಬಗೆದ ದ್ರೋಹವೇ ಆಗಿತ್ತು.

ಹೊಸ ನಾಟಕದ ಮೊದಲ ಪ್ರದರ್ಶನದ ದಿನ ಬೆಳಿಗ್ಗೆ ಅವನು ಪೆಟ್ಟಿಗೆಯಲ್ಲಿ ಚೆಲ್ಲೊ ದನಿ ಇಟ್ಟು ಒಂದು ಸಾಲು ನುಡಿಸಿದ.

ಅವಳು ಪೆಟ್ಟಿಗೆಯ ಕಡೆ ತಿರುಗಿದಳು.

ಪ್ರತಿ ಸ್ವರದ ಆರಂಭದಲ್ಲಿ ಸಣ್ಣದೊಂದು ಗೀರು... ಕಮಾನು ತಂತಿಗೆ ತಾಗುವಾಗ ಅಪ್ಪನ ಮಣಿಕಟ್ಟು ಮಾಡುತ್ತಿದ್ದ ಗೀರು! ಸಾವಿರ ಚೆಲ್ಲೊಗಳ ನಡುವೆಯೂ ಅವಳು ಅದನ್ನು ಗುರುತಿಸಬಲ್ಲಳು.

'ಕೆಲಸ ಕಿತ್ತುಕೊಂಡಿದ್ದು ಸಾಲದು ಅಂತ ದನಿಯನ್ನೂ ಕದ್ದಿದ್ದಾನೆ. ಮಲಗಿರೋ ನನ್ನಪ್ಪನ ದನಿಯನ್ನ... ಅಪ್ಪನಿಗೇ ಕೇಳಿಸೋ ಹಾಗೆ ಇಲ್ಲೇ ಕೂತು...'

ಕೇಳಬಹುದಿತ್ತು. ಒಂದು ಮಾತು ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇಷ್ಟಪಟ್ಟವನ ಮೇಲೆ ಬರುವ ಸಿಟ್ಟಿಗೆ ಬಾಯಿ ಇರುವುದಿಲ್ಲ, ಕೈ ಮಾತ್ರ ಇರುತ್ತದೆ.

"ಎಲ್ಲಾ ಸರಿಯಾಗಿದೆ," ಎಂದಳು. "ಒಂದ್ಸಲ ಒರೆಸಿ ಕೊಡ್ತೀನಿ. ಚಹಾ ಕುಡಿದು ಬನ್ನಿ."

ಅವನು ಆಚೆ ಹೋದಾಗ ಐದನೆಯ ತಂತಿಯ ಸೂಕ್ಷ್ಮತೆಯನ್ನು ಪೂರ್ತಿ ಏರಿಸಿದಳು. ಕಪ್ಪು ಪಟ್ಟಿಯ ಒಂದು ಸ್ಕ್ರೂ ಬಿಗಿದು, ಆ ಬದಿಯನ್ನು ತಂತಿಗೆ ಕಾಗದದಷ್ಟು ಹತ್ತಿರ ತಂದಳು. ಎರಡು ನಿಮಿಷದ ಕೆಲಸ. ಅವಳ ಕೈ ಒಂದಿಷ್ಟೂ ನಡುಗಲಿಲ್ಲ.

ಮಧ್ಯಾಹ್ನದ ಪ್ರದರ್ಶನಕ್ಕೆ ಅವಳೇ ಹೋಗಿ ಕೊನೆಯ ಸಾಲಿನಲ್ಲಿ ಕೂತಳು.

ಮೂರನೇ ಅಂಕ. ವೇದಿಕೆಯ ಮೇಲೆ ತಾಯಿ ಸಾಯುತ್ತಿದ್ದಾಳೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಚೆಲ್ಲೊ ಎದ್ದಿತು... ಎರಡನೇ ಸಾಲಿಗೆ ಕೀಚಲು ದನಿಯೊಂದು ನಡುವೆ ನುಗ್ಗಿತು. ಮತ್ತೊಂದು. ಮಗದೊಂದು. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭಾಂಗಣ ನಕ್ಕಿತು. ಸಾಯುತ್ತಿದ್ದ ತಾಯಿಯೂ ಮುಖ ಆಚೆ ತಿರುಗಿಸಿದಳು.

ಅವನು ಪೆಟ್ಟಿಗೆಯನ್ನು ನೋಡಲಿಲ್ಲ. ತಂತಿಯನ್ನೂ ನೋಡಲಿಲ್ಲ. ತನ್ನ ಬೆರಳುಗಳನ್ನೇ ನೋಡುತ್ತಾ ಕೂತ.

ಗೆದ್ದ ಖುಷಿ ಎಲ್ಲಿ ಹೋಯಿತೋ! ಅಂಗಡಿ ತಲುಪುವ ತನಕ ಆ ಬಗ್ಗಿದ ತಲೆ ಅವಳ ಕಣ್ಣಿಂದ ಸರಿಯಲಿಲ್ಲ.

ಅಪ್ಪ ದಿಂಬಿಗೆ ಒರಗಿ ಕಾಯುತ್ತಿದ್ದರು.

"ಹೇಗಿತ್ತೇ ನನ್ನ ಚೆಲ್ಲೊ?"

"ನಿನ್ನದಾ?"

"ಮತ್ತಿನ್ಯಾರದು? ಕಂಪನಿ ಬಿಡೋ ಹೊತ್ತಿಗೆ ಮೂರು ವಾರ ಕೂತು ಒಂದೊಂದೇ ಸ್ವರ ನುಡಿಸಿ ರೆಕಾರ್ಡ್ ಮಾಡಿಸಿ ಕೊಟ್ಟಿದ್ದೀನಿ ಆ ಹುಡುಗನಿಗೆ. ಕೈ ಪೂರ್ತಿ ಬಿದ್ದುಹೋಗೋ ಮೊದಲು ಹಿಡಿದಿಟ್ಟುಕೊಳ್ಳೋಣ ಮೇಷ್ಟ್ರೇ ಅಂತ ಅವನೇ ಹೇಳಿದ್ದು. ನಿನ್ನ ಅಂಗಡಿಗೆ ಕಳಿಸಿದ್ದು ನಾನೇ."

ಅವಳು ಮಂಚದ ಅಂಚಿಗೆ ಕೂತಳು. "ಕೈ... ಆಗಲೇ ನಡುಗ್ತಿತ್ತಾ?"

"ಅದಕ್ಕೂ ಒಂದು ವರ್ಷ ಮೊದಲಿಂದ. ನಾಲ್ಕು ಜನರನ್ನ ಕಂಪನಿ ಕಳಿಸ್ತು. ನಾನು ಅದಕ್ಕೆ ಮುಂಚೆಯೇ ಬಿಟ್ಟಿದ್ದೆ." ಅಪ್ಪ ಕೆಮ್ಮಿ ಸುಧಾರಿಸಿಕೊಂಡರು. "ಕೈ ಸೋತಿತು ಅನ್ನೋದಕ್ಕಿಂತ ಕಂಪನಿ ಓಡಿಸ್ತು ಅನ್ನೋದು ಸುಲಭ ಆಗಿತ್ತು. ಯಾರಿಗೂ ಹೇಳ್ಬೇಡ, ಮಗಳೆದುರು ನನ್ನ ಪರಿಚಯವೇ ಇಲ್ಲದ ಹಾಗಿರು ಅಂತ ಅವನಿಂದ ಮಾತು ತಗೊಂಡಿದ್ದೆ... ಇಲ್ಲಿಗೇ ತಂದು ನುಡಿಸ್ತೀನಿ ಅಂದಿದ್ದಾನೆ. ಒಂದ್ಸಲ ಪೂರ್ತಿ ಕೇಳಿಬಿಟ್ಟರೆ ಸಾಕು ಪುಟ್ಟಿ."

ಅವನು ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಾಗಿಲಿನ ಸದ್ದಾದಾಗಲೆಲ್ಲ ಅಪ್ಪ "ಬಂದನಾ?" ಎನ್ನುತ್ತಿದ್ದರು. ಆ ದನಿ ದಿನದಿಂದ ದಿನಕ್ಕೆ ಇಳಿಯುತ್ತಿತ್ತು.

ನಾಲ್ಕನೇ ದಿನ ಅವಳೇ ಅವನ ಬಾಡಿಗೆ ಕೋಣೆಯನ್ನು ಹುಡುಕಿಕೊಂಡು ಹೋದಳು. ಮೂರನೇ ಮಹಡಿ. ಗಿಟಾರ್ ಮೂಲೆಯಲ್ಲಿತ್ತು. ಅವನ ಎಡಗೈಯ ಮೂರು ಬೆರಳಿಗೆ ಪಟ್ಟಿ ಸುತ್ತಿತ್ತು.

"ಕಂಪನಿ ಬೇರೆಯವರನ್ನ ನೋಡಿಕೊಂಡಿದೆ," ಎಂದ. "ತಪ್ಪು ನನ್ನದೇ. ಬೆರಳು ಎಲ್ಲೋ ತಾಗ್ತಿದೆ. ಎಷ್ಟು ಅಭ್ಯಾಸ ಮಾಡಿದ್ರೂ ಐದನೇ ತಂತಿ ಕಿರುಚತ್ತೆ. ಮೇಷ್ಟ್ರಿಗೆ ಯಾವ ಮುಖ ತೋರಿಸ್ಲಿ?"

"ಪೆಟ್ಟಿಗೆ ನೋಡಲಿಲ್ವಾ?"

"ನೀವು ಹೊಂದಿಸಿದ್ದಲ್ವಾ, ಅದರಲ್ಲಿ ನೋಡೋದೇನು?"

ಅವಳು ಕೂರಲೂ ಧೈರ್ಯ ಸಾಲದೆ ನಿಂತೇ ಹೇಳಿದಳು.

"ನಾನೇ ಕೆಡಿಸಿದ್ದು. ನೀವು ಚಹಾಕ್ಕೆ ಹೋದಾಗ... ಅಪ್ಪನ ದನಿ ಕದ್ದಿದ್ದೀರಿ ಅಂದುಕೊಂಡೆ. ನಿಮ್ಮ ಬೆರಳಲ್ಲಿ ಏನೂ ತಪ್ಪಿಲ್ಲ."

ಅವನು ಬೆರಳಿನ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿದ. ಒಳಗೆ ಚರ್ಮ ಸೀಳಿತ್ತು.

"ನಾಲ್ಕು ದಿನ ಈ ಬೆರಳನ್ನ ಶಪಿಸಿದ್ದೀನಿ," ಎಂದ. "ನೀವು ಹೊರಡಿ."

ಮೆಟ್ಟಿಲಿಳಿಯುವಾಗ ಅವಳಿಗೆ ಅಳು ಬರಲಿಲ್ಲ. ಅಳುವ ಹಕ್ಕಾದರೂ ಎಲ್ಲಿತ್ತು?

ಮರುದಿನ ಬೆಳಿಗ್ಗೆ ಬಾಗಿಲು ಸದ್ದಾಯಿತು. ಅವನೇ! ಅವಳ ಮುಖ ನೋಡದೆ ಗಿಟಾರನ್ನು ಮೇಜಿನ ಮೇಲಿಟ್ಟ.

"ಮೇಷ್ಟ್ರಿಗೋಸ್ಕರ ಬಂದಿದ್ದೀನಿ. ಸರಿ ಮಾಡಿಕೊಡಿ. ನನ್ನ ಕಣ್ಣೆದುರಿಗೇ."

ಅವಳು ಸ್ಕ್ರೂ ಸಡಿಲಿಸಿ ಅಂತರ ಅಳೆದಳು. ಐದನೆಯ ತಂತಿಯ ಸೂಕ್ಷ್ಮತೆ ಇಳಿಸಿದಳು. ಈ ಬಾರಿ ಸ್ಕ್ರೂ ಎರಡು ಸಲ ಕೈಯಿಂದ ಜಾರಿ ಕೆಳಗೆ ಬಿತ್ತು. ಎರಡು ಸಲವೂ ಅವನೇ ಹೆಕ್ಕಿಕೊಟ್ಟ.

ಅಪ್ಪನ ಮಂಚದ ಪಕ್ಕ ಕುರ್ಚಿ ಹಾಕಿ ಅವನು ನುಡಿಸತೊಡಗಿದ. ಮೊದಲ ಸಾಲಿಗೇ ಅಪ್ಪ ಕೈಯೆತ್ತಿ ತಡೆದರು.

"ದಪ್ಪ ತಂತಿಯಲ್ಲಿ ಬೇಡವೋ. ಅದನ್ನ ಗುರುತು ಹಿಡಿಯೋಕೆ ನಿನ್ನ ಯಂತ್ರಕ್ಕೆ ಹೊತ್ತು ಬೇಕು, ಸ್ವರ ಹಿಂದೆ ಬೀಳತ್ತೆ. ತೆಳು ತಂತಿಯಲ್ಲಿ ನುಡಿಸು, ಪೆಟ್ಟಿಗೆಯಲ್ಲಿ ಒಂದು ಸ್ಥಾಯಿ ಇಳಿಸಿಕೋ. ಆಮೇಲೆ... ಕಮಾನು ತಿರುಗೋ ಕಡೆ ಒಂದು ಉಸಿರಿನಷ್ಟು ಬಿಡುವು ಕೊಡು. ಕಮಾನಿಗೂ ತುದಿ ಅನ್ನೋದಿದೆ."

ಅವನು ತಲೆಯಾಡಿಸಿದ. ಪೆಟ್ಟಿಗೆಯ ಗುಂಡಿಯನ್ನು ಅವಳೇ ಬಗ್ಗಿ ತಿರುಗಿಸಿದಳು.

ಈ ಸಲ ಅಪ್ಪ ತಡೆಯಲಿಲ್ಲ. ಕೋಣೆಯ ತುಂಬ ಅಪ್ಪನದೇ ದನಿ, ಅದೇ ಗೀರು. ಹೊದಿಕೆಯ ಮೇಲೆ ಅವರ ಎಡಗೈ ಬೆರಳುಗಳು ಕಾಣದ ತಂತಿಗಳನ್ನು ಒತ್ತುತ್ತಿದ್ದವು. ನಡುಕ ನಿಂತಿರಲಿಲ್ಲ. ಆದರೂ ಒಂದು ಸ್ವರವೂ ತಪ್ಪಲಿಲ್ಲ.

ಮುಗಿದಾಗ ಅಪ್ಪ ಮೆಲ್ಲಗೆ ಹೇಳಿದರು, "ಆ ಗೀರು ನನ್ನ ತಪ್ಪು. ಗುರುಗಳು ಎಷ್ಟು ಬೈದರೂ ಹೋಗಲಿಲ್ಲ. ಅದನ್ನ ಅಳಿಸಬೇಡ್ರೋ."

ಮೂರನೇ ದಿನ ಅಪ್ಪ ಹೋದರು.

ಅವನು ಬಂದು ಹೆಗಲು ಕೊಟ್ಟ. ಹಾಗೇ ಹೊರಟುಹೋದ. ಒಂದು ತಿಂಗಳು ಅವಳು ಅಂಗಡಿ ತೆರೆದಳು, ಮುಚ್ಚಿದಳು. ಅವನ ಬೆರಳು ಮಾಯ್ದಿರಬಹುದೇ? ಬೇರೆ ಕೆಲಸ ಸಿಕ್ಕಿರಬಹುದೇ? ಕೇಳಲು ಬಾಯಿಲ್ಲ. ಅಪ್ಪನ ಕೋಣೆಯ ಪರದೆಯನ್ನು ಸರಿಸುವ ಧೈರ್ಯವೂ ಇಲ್ಲ.

ಒಂದು ಸಂಜೆ ಮೇಜಿನ ಮೇಲೆ ಅದೇ ಗಿಟಾರ್ ಬಂದು ಕೂತಿತು.

"ತಂತಿ ಹಳೆಯದಾಗಿದೆ," ಎಂದ ಅವನು. "ಬದಲಾಯಿಸಿದ ಮೇಲೆ ಎಲ್ಲಾ ಮತ್ತೆ ಹೊಂದಿಸಬೇಕು."

ಅವಳು ಗಿಟಾರ್ ಮುಟ್ಟಲಿಲ್ಲ. "ಊರಲ್ಲಿ ಬೇರೆ ರಿಪೇರಿಯವರು ಇದ್ದಾರೆ."

"ಇದ್ದಾರೆ. ಮೂರು ಕಡೆ ಹೋಗಿ ಬಂದೆ. ಮೂವರೂ ಆ ಗೀರು ತೆಗೆದುಬಿಡೋಣ ಅಂದ್ರು."

ಅವಳ ಕಣ್ಣು ತುಂಬಿತು. ತಡೆಯಲು ನೋಡಿದಳು, ಆಗಲಿಲ್ಲ. "ನಿಮ್ಮನ್ನ ಇಷ್ಟಪಟ್ಟಿದ್ದೆ. ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು. ಇದು ಸಮಜಾಯಿಷಿ ಅಲ್ಲ... ಇರೋದನ್ನ ಹೇಳ್ದೆ."

"ನನಗೂ ಇಷ್ಟ ಇತ್ತು. ಈಗಲೂ ಇದೆ. ಸಿಟ್ಟೂ ಇದೆ." ಅವನು ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತ. "ಈ ಸಲ ಚಹಾಕ್ಕೆ ಹೋಗಲ್ಲ. ಇಲ್ಲೇ ಕೂತು ನೋಡ್ತೀನಿ."

"ಎಷ್ಟು ದಿನ?"

"ನಂಬಿಕೆ ಬರೋ ತನಕ."

"ಬರದೇ ಹೋದ್ರೆ?"

ಅವನು ಐದನೆಯ ತಂತಿಯ ಬಿರಡೆ ಸಡಿಲಿಸಿ, ತಂತಿ ಬಿಚ್ಚಿ ಅವಳ ಕೈಗಿತ್ತ.

"ದಿನಾ ಬರ್ತೀನಿ."