ಅರ್ಧ ಹೆಜ್ಜೆ ಜರುಗಿದರೆ

“ಕತ್ತರಿ ಕೆಳಗಿಡಿ.”

ಅವಳ ದನಿಗೆ ಪೊದೆಯೇ ಬೆಚ್ಚಿಬಿತ್ತು. ಪೊದೆಯೊಳಗೆ ಅರ್ಧ ತೂರಿಕೊಂಡಿದ್ದವನು ಮಾತ್ರ ಬೆಚ್ಚಲಿಲ್ಲ. ಹೆಗಲಲ್ಲಿ ಮುನ್ನೂರು ಎಂಎಂನ ಹಗುರ ಲೆನ್ಸು, ಕೈಯಲ್ಲಿ ದಾರ, ಕತ್ತರಿ. ಮೂಗಿನೆದುರೇ ಪಿಕಳಾರ ಹಕ್ಕಿಯ ಗೂಡು. ಗರಿ ಮೂಡದ ಮರಿಗಳು ಸುಡುಬಿಸಿಲಿಗೆ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಕೆಳಗೆ, ಆಗಷ್ಟೇ ಕಡಿದಂತಿದ್ದ ಎರಡು ಕೊಂಬೆ.

“ಚಂದದ ಫೋಟೋ ಬೇಕು ಅಂತ ಗೂಡಿನ ನೆರಳನ್ನೇ ಕಡಿಯೋದಾ? ನಾಚಿಕೆ ಆಗಲ್ವಾ?”

“ನಾನು ಬರೋ ಹೊತ್ತಿಗೇ ಕಡಿದಾಗಿತ್ತು. ಪಕ್ಕದ ಕೊಂಬೆ ಎಳೆದು ಕಟ್ತಿದ್ದೀನಿ. ಮೊದಲು ನೆರಳು, ಆಮೇಲೆ ಜಗಳ.”

“ಸಿಕ್ಕಿಬಿದ್ದವರೆಲ್ಲ ಹೇಳೋದು ಇದನ್ನೇ.”

ಅವಳು ಕ್ಯಾಮೆರಾ ಎತ್ತಿದಳು. ಅವನು ಗಂಟು ಬಿಗಿಯುತ್ತಲೇ ಹೇಳಿದ: “ತೆಗೀರಿ. ಶಟರ್ ಸ್ಪೀಡ್ ಇನ್ನೊಂದಿಷ್ಟು ಏರಿಸಿ. ಕೋಪಕ್ಕೆ ನಿಮ್ಮ ಕೈ ನಡುಗ್ತಿದೆ.”

ನಡುಗುತ್ತಿದ್ದದ್ದು ನಿಜ. ಅದಕ್ಕೇ ಅವಳು ಸ್ಪೀಡ್ ಏರಿಸಲಿಲ್ಲ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರನ್ನು ಅರ್ಧ ಬಿಟ್ಟು ತಡೆದು, ಗುಂಡಿ ಒತ್ತಿದಳು. ಚಿತ್ರ ಚೂಪಾಗಿ ಬಂತು. ಅವನ ಕಣ್ಣು ಅದಕ್ಕಿಂತ ಚೂಪಾಗಿ ಬಂತು.

ಹಾಳಾದ್ದು... ಕಣ್ಣು ಮಾತ್ರ ಚೆನ್ನಾಗಿದೆ.

ಆ ಚಿತ್ರ ಅಂದೇ ಫೋಟೋಗ್ರಾಫರ್‌ಗಳ ಸಂಘದ ಅಧ್ಯಕ್ಷರಿಗೆ ತಲುಪಿತು. ಅಧ್ಯಕ್ಷರು ಬೇರೆ ಯಾರೂ ಅಲ್ಲ, ಅವಳ ಸೋದರಮಾವ. ಅವಳ ಕೈಗೆ ಮೊದಲ ಕ್ಯಾಮೆರಾ ಕೊಟ್ಟವರು. ಅವರದು ಆರುನೂರು ಎಂಎಂನ ದೈತ್ಯ ಲೆನ್ಸು. ಟ್ರೈಪಾಡ್ ಇಲ್ಲದೆ ಅದು ಏಳುವುದೂ ಇಲ್ಲ, ಕೂರುವುದೂ ಇಲ್ಲ. ಅವರಿಲ್ಲದಾಗ ಸಂಘದವರು ಅದನ್ನು ‘ಫಿರಂಗಿ’ ಎನ್ನುತ್ತಿದ್ದರು.

“ಹೊಸದಾಗಿ ಸೇರಿದ ಕನ್ನಡಕದಂಗಡಿಯವನು,” ಎಂದರು ಮಾವ. “ವಾರ್ಷಿಕ ಪ್ರದರ್ಶನದ ದಿನ ಎಲ್ಲರೆದುರು ಸದಸ್ಯರ ಪಟ್ಟಿಯಿಂದ ಅವನ ಹೆಸರು ಹೊಡೆದು ಹಾಕ್ತೀನಿ. ಭೇಷ್ ಪುಟ್ಟಿ.”

ಗೆದ್ದಂತೆ ಅನಿಸಬೇಕಿತ್ತು. ಅನಿಸಲಿಲ್ಲ.

“‘ಮೊದಲು ನೆರಳು, ಆಮೇಲೆ ಜಗಳ,’” ಎಂದು ಊಟಕ್ಕೆ ಕೂತಾಗ ಅವಳು ಅವನ ಗತ್ತನ್ನೇ ದನಿಗೆ ತಂದುಕೊಂಡಳು. “ಎಷ್ಟು ಕೊಬ್ಬು ನೋಡಮ್ಮ.”

“ಬೆಳಿಗ್ಗೆಯಿಂದ ನಾಲ್ಕು ಸಲ ಅವನ ಹಾಗೇ ಮಾತಾಡಿ ತೋರಿಸಿದ್ದೀಯ,” ಎಂದರು ಅಮ್ಮ. “ಲೆನ್ಸು ಕೈಲಿ ಹಿಡಿದದ್ದು ಸಾಕು, ಅವನ ಕೈಯನ್ನೇ ಹಿಡ್ಕೋ.”

“ಅಮ್ಮಾ...”

ಪ್ರದರ್ಶನದ ಮುನ್ನಾದಿನ ಮನಸ್ಸು ತಡೆಯದೆ ಅವಳು ಪೊದೆಗೆ ಹೋದಳು. ಅವನು ಕಟ್ಟಿದ ಕೊಂಬೆಗಳು ಗೂಡಿನ ಮೇಲೆ ಚಪ್ಪರವಾಗಿದ್ದವು. ಮರಿಗಳಿಗೆ ಗರಿ ಬಂದಿತ್ತು. ತಾಯಿಹಕ್ಕಿ ತುತ್ತು ಕೊಟ್ಟು ಹಾರಿತು.

ಅವಳು ಲೆನ್ಸ್ ಎತ್ತಿದಳು. ಎಲೆಯೊಂದು ಅಡ್ಡ ಬಂತು. ಅಭ್ಯಾಸದಂತೆ ಅರ್ಧ ಹೆಜ್ಜೆ ಜರುಗಿ, ಮಂಡಿ ಸ್ವಲ್ಪ ಬಾಗಿಸಿದಳು. ಎಲೆಗಳ ಸಂದಿಯಲ್ಲಿ ಗೂಡು ಕಂಡಿತು.

ಬೆರಳು ಗುಂಡಿಯ ಮೇಲೇ ನಿಂತುಬಿಟ್ಟಿತು.

ಕೈಯಲ್ಲಿ ಹಿಡಿದು ತೆಗೆಯುವವರು ತಾವು ಜರುಗುತ್ತಾರೆ. ಕೊಂಬೆ ಕಡಿಯುವ ದರ್ದು ಅವರಿಗೇಕೆ? ಅದು ಒಂದೇ ಕಡೆ ಬೇರೂರಿ ನಿಂತವರಿಗೆ ಮಾತ್ರ...

ಕಡಿದ ಕೊಂಬೆಯ ಗಾಯದಿಂದ ನೇರ ಹಿಂದಕ್ಕೆ ನಡೆದಳು. ಒಣಗಿದ ಕೆಸರಿನಲ್ಲಿ ಮೂರು ಕುಳಿ. ಮುಕ್ಕಾಲಿಯ ಆಕಾರ, ಆಳವಾದ ಗುರುತು. ಅಷ್ಟು ಭಾರ ಹೊರುವ ಟ್ರೈಪಾಡ್ ಸಂಘದಲ್ಲಿ ಒಬ್ಬರ ಹತ್ತಿರ ಮಾತ್ರ ಇತ್ತು.

ಮಾವ ಅಲ್ಲ. ಮಾವ ಆಗಿರೋಕೆ ಸಾಧ್ಯವಿಲ್ಲ.

ಮರುದಿನ ಸಭಾಂಗಣದ ನಡುಗೋಡೆಯ ಮೇಲೆ ಮಾವನ ಚಿತ್ರ ತೂಗುತ್ತಿತ್ತು. ಅದೇ ಗೂಡು, ಅವೇ ಬೆತ್ತಲೆ ಮರಿಗಳು. ಅಡ್ಡಕ್ಕೆ ಒಂದು ಎಲೆಯೂ ಇಲ್ಲ. ಪಕ್ಕದಲ್ಲೇ ಅವಳ ಮಿಂಚುಳ್ಳಿಯ ಚಿತ್ರಕ್ಕೂ ಜಾಗ ಕೊಟ್ಟಿದ್ದರು.

ಮಾವ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು. “ಒಬ್ಬ ಸದಸ್ಯರ ಮೇಲೆ ದೂರು ಬಂದಿದೆ—”

“ಆ ದೂರು ತಪ್ಪು,” ಎಂದಳು ಅವಳು ಎದ್ದು ನಿಂತು. “ಕೊಟ್ಟವಳು ನಾನೇ. ಅವರು ನೆರಳು ಕಟ್ಟಿದ್ರು. ಕಡಿದವರು ಬೇರೆ. ಕೊಂಬೆ ಇದ್ದ ಕಡೆಗೆ ನೇರವಾಗಿ ನಿಮ್ಮ ಟ್ರೈಪಾಡಿನ ಕುಳಿ ಇದೆ, ಮಾವ.”

ಮಾವ ಮೈಕನ್ನು ಕೈಯಿಂದ ಮುಚ್ಚಿದರು. “ಎರಡು ಕೊಂಬೆ ಕಣೇ. ಎಲೆ ಮತ್ತೆ ಚಿಗುರುತ್ತೆ.”

“ಮರಿ ಚಿಗುರಲ್ಲ.”

“ನಿನಗೆ ಕ್ಯಾಮೆರಾ ಹಿಡಿಯೋದು ಕಲಿಸಿದ್ದು ಯಾರು?”

“ನೀವೇ. ಅದಕ್ಕೇ ಇಷ್ಟು ನೋಯ್ತಿದೆ.”

“ಸಾಕು, ಕೂತ್ಕೋ. ಇಲ್ಲದಿದ್ರೆ ಸಂಘದಲ್ಲಿ ನಿನಗೂ ಜಾಗ ಇರಲ್ಲ.”

ಅವಳು ಗೋಡೆಯ ಬಳಿ ಹೋಗಿ ತನ್ನ ಮಿಂಚುಳ್ಳಿಯನ್ನು ಮೊಳೆಯಿಂದ ಇಳಿಸಿದಳು. “ಜಾಗ ನಾನೇ ಖಾಲಿ ಮಾಡ್ತಿದ್ದೀನಿ. ಅವರ ಹೆಸರು ಮಾತ್ರ ಹೊಡೀಬೇಡಿ.”

ಹಿಂದಿನ ಸಾಲಿನಿಂದ ಒಬ್ಬರು ಅವಳ ಪರವಾಗಿ ಎದ್ದರು. ಆಮೇಲೆ ಇಬ್ಬರು. ಮಾವನ ಕೈಯಲ್ಲಿದ್ದ ಪೆನ್ನು ಹೊಡೆಯಬೇಕಾದ ಹೆಸರಿನ ಮೇಲೆ ಇಳಿಯಲೇ ಇಲ್ಲ. ಅದನ್ನು ನೋಡಿಯೇ ಅವಳು ಹೊರಬಿದ್ದಳು.

ಕನ್ನಡಕದಂಗಡಿಯಲ್ಲಿ ಅವನು ಅಜ್ಜಿಯೊಬ್ಬರ ಕಿವಿಗೆ ಫ್ರೇಮ್ ಕೂರಿಸುತ್ತಿದ್ದ. ಕಂಕುಳಲ್ಲಿ ಚಿತ್ರ ಇರುಕಿಕೊಂಡು ಏದುಸಿರಿನಲ್ಲಿ ಬಂದವಳನ್ನು ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಕ್ಷಮೆ ಕೇಳೋಕೆ ಬಂದಿಲ್ಲ,” ಎಂದಳು.

“ಸರಿ.”

“ಅಂದ್ರೆ... ಅದಕ್ಕೇ ಬಂದೆ. ಅಭ್ಯಾಸ ಇಲ್ಲ. ನಿಮ್ಮ ಹೆಸರು ಹೊಡೀಲಿಲ್ಲ. ನಾನು ಸಂಘದಿಂದ ಹೊರಗೆ ಬಂದೆ.”

“ನನಗೋಸ್ಕರನಾ?”

“ಮರಿಗಳಿಗೋಸ್ಕರ,” ಎಂದಳು ಗದ್ದ ಎತ್ತಿ. ಆಮೇಲೆ ಆ ಗದ್ದ ತಾನೇ ಕೆಳಗಿಳಿಯಿತು. “ನಿಮಗೋಸ್ಕರನೂ. ನಿಮ್ಮನ್ನ ಕಂಡ್ರೆ ನನಗಿಷ್ಟ. ಇದಕ್ಕೂ ಅಭ್ಯಾಸ ಇಲ್ಲ.”

“ಈಗ ಚೆನ್ನಾಗಿ ಕಾಣ್ತಿದೆಯಪ್ಪ,” ಎಂದರು ಅಜ್ಜಿ, ಇಬ್ಬರನ್ನೂ ನೋಡುತ್ತ.

ಅವನು ಕಿವಿವರೆಗೂ ಕೆಂಪಾದ. “ನಾಳೆ ಬೆಳಿಗ್ಗೆ ಮರಿಗಳು ಗೂಡು ಬಿಡಬಹುದು. ಬರ್ತೀರಾ? ಕ್ಯಾಮೆರಾ ಬೇಡ.”

“ಯಾಕೆ ಬೇಡ?”

“ನಿಮ್ಮ ಮುಖಕ್ಕೆ ಯಾವಾಗಲೂ ಅದೇ ಅಡ್ಡ ಇರುತ್ತೆ. ಒಂದು ಸಲ ಪೂರ್ತಿ ನೋಡ್ಬೇಕು.”

“ತಂದೇ ತರ್ತೀನಿ,” ಎಂದಳು. ಒಂದು ಕ್ಷಣ ಬಿಟ್ಟು, ಮೆಲ್ಲಗೆ: “ಕೊರಳಲ್ಲಿ ಇರುತ್ತೆ. ಕಣ್ಣಿಗೆ ಹಿಡಿಯಲ್ಲ.”